ಸನ್ನದು (ವಕೀಲರ ನೋಂದಣಿ ಪತ್ರ) ಉಳಿಸಿಕೊಂಡು ಕಾನೂನು ಕಲಿಸುವುದು ಹೇಗೆ?

ವಕೀಲಿಕೆ, ಪಾಠ ಎರಡನ್ನೂ ಜತೆಗೆ ನಡೆಸುವವರಿಗೆ ತೊಡಕಾಗುವುದು ವಿದ್ಯೆಯಲ್ಲಲ್ಲ, ನೇಮಕಾತಿ ಪತ್ರದಲ್ಲಿ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. ಕೇಂದ್ರ ಸರ್ಕಾರದ 1979ರ ನಿಯಮಗಳು ಒಂದು ಕಿಂಡಿ ಬಿಟ್ಟಿವೆ: ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸಂಸ್ಥೆಯಲ್ಲಿ ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಕಲಿಸಬಹುದು. ಅದು ಅರೆಕಾಲಿಕ ಕೆಲಸವೆಂದೇ ಲೆಕ್ಕ.

ಹಾಗಾಗಿ ಪತ್ರದಲ್ಲಿ 'ಅರೆಕಾಲಿಕ' ಎಂಬ ಪದವನ್ನೂ ದಿನದ ಗಂಟೆಗಳನ್ನೂ ಬರೆಸಿಕೊಳ್ಳಿ. ಪಾಠ ದಿನಕ್ಕೆ 3 ಗಂಟೆ ಮೀರಿ, ಹುದ್ದೆ ಪೂರ್ಣಾವಧಿಯದಾಗಿದ್ದು, ವಕಾಲತ್ತಿಗೂ ಸಹಿ ಹಾಕುತ್ತಿದ್ದರೆ ಅದು ವಕೀಲರ ಕಾಯ್ದೆಯ 35ನೇ ಕಲಮಿನಡಿ ದುರ್ವರ್ತನೆಯ ದೂರಿಗೆ ದಾರಿ. ವೇಳಾಪಟ್ಟಿ ಬೆಳಗಿನ ತರಗತಿಗಳದ್ದಾಗಿರಲಿ. ಹನ್ನೊಂದಕ್ಕೆ ಕೇಸು ಕೂಗುವಾಗ ನೀವು ಕಪ್ಪುಹಲಗೆ ಮುಂದೆ ನಿಂತಿದ್ದರೆ ಕಕ್ಷಿದಾರರೂ ಹೋದರು, ಹೆಸರೂ ಹೋಯಿತು.

ಪೂರ್ಣಾವಧಿ ಹುದ್ದೆಯೇ ಬೇಕೆ? ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂನಲ್ಲಿ ಶೇ. 55 ಅಂಕ, ಜತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ಎನ್‌ಇಟಿ ಅಥವಾ ರಾಜ್ಯದ ಕೆ-ಸೆಟ್, ಇದು ಸಾಮಾನ್ಯ ದಾರಿ. ಕೆಲಸಕ್ಕೆ ಸೇರುವಾಗ ಮೂಲ ಸನ್ನದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ರಾಜ್ಯ ವಕೀಲರ ಪರಿಷತ್ತಿಗೆ ಕಳಿಸಿ, ವೃತ್ತಿ ಅಮಾನತಿನಲ್ಲಿಡುವುದಾಗಿ ತಿಳಿಸಬೇಕು. ಕಳಿಸುವ ಮೊದಲು ನಕಲು ತೆಗೆದಿಡಿ, ಅಂಚೆ ರಸೀದಿ ಎಸೆಯಬೇಡಿ. ವೃತ್ತಿಗೆ ಮರಳಿ ಬರುವಾಗ ಅರ್ಜಿಯ ಜತೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಯ ಆಸೆಯಿದ್ದವರು ಇಲ್ಲಿ ಎರಡು ಸಲ ಯೋಚಿಸಲಿ: ಸಂವಿಧಾನದ 233(2)ನೇ ವಿಧಿ ವಕೀಲರಿಂದ ಕೇಳುವ 7 ವರ್ಷದ ವಕೀಲಿಕೆಗೆ ಅಮಾನತಿನ ಅವಧಿ ಜಮೆಯಾಗುವುದಿಲ್ಲ.

ಸನ್ನದು ಬಿಡದೆಯೂ ಮಾಡಬಹುದಾದದ್ದು ಬೇಕಾದಷ್ಟಿದೆ. ಕಾನೂನು ಪುಸ್ತಕ ಸಂಪಾದಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಮೌಲ್ಯಮಾಪನ, ಮಸೂದೆ ಪರಿಶೀಲನೆ ಎಲ್ಲಕ್ಕೂ 51ನೇ ನಿಯಮ ಅವಕಾಶ ಕೊಟ್ಟಿದೆ.

ಬರವಣಿಗೆಗೆ ವಸ್ತು ನಿಮ್ಮ ಕಡತಗಳಲ್ಲೇ ಸಿಗುತ್ತದೆ. ಭೂಸುಧಾರಣೆಯೋ ಬಾಡಿಗೆಯೋ, ಒಂದೇ ಶಾಖೆ ಹಿಡಿದು, ಪೀಠಗಳು ಭಿನ್ನವಾಗಿ ಹೇಳಿದ ಒಂದು ಪ್ರಶ್ನೆ ಆರಿಸಿ. ಹೆಡ್‌ನೋಟ್ (ವರದಿಯಲ್ಲಿ ತೀರ್ಪಿನ ಮೇಲೆ ಹಾಕುವ ಸಾರಾಂಶ) ನಂಬಿ ಉಲ್ಲೇಖಿಸಬೇಡಿ, ಅದು ತೀರ್ಪಿನ ಭಾಗವೇ ಅಲ್ಲ; ಪೂರ್ತಿ ತೀರ್ಪು ಓದಿ ಪ್ಯಾರಾ ಸಂಖ್ಯೆ ಕೊಡಿ. ಆ ತೀರ್ಪು ಮೇಲ್ಮನವಿಯಲ್ಲಿ ಬಿದ್ದಿದೆಯೇ ಎಂದೂ ನೋಡಿ. ಕಕ್ಷಿದಾರರು ನಂಬಿ ಹೇಳಿದ ಮಾತು ಮಾತ್ರ ಲೇಖನಕ್ಕೂ ತರಗತಿಗೂ ಬರಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಗೋಪ್ಯತೆ ಕೇಸು ಮುಗಿದ ಮೇಲೂ ಮುಗಿಯುವುದಿಲ್ಲ.