ಬೆರಕೆ ಬೆಟ್ಟದಲ್ಲಿ ಎಲೆರೋಗ ಕಡಿಮೆಯೇ? ಅಳೆಯುವುದು ಹೀಗೆ

ಬಗೆಬಗೆಯ ಮರಗಳಿದ್ದರೆ ಎಲೆರೋಗ ಕಡಿಮೆ ಎಂಬ ಮಾತು ಮಲೆನಾಡಿನಲ್ಲಿ ಸಲೀಸಾಗಿ ಓಡಾಡುತ್ತದೆ. ಅದು ಅರ್ಧ ನಿಜ. ಒಂದೇ ಜಾತಿಗೆ ಅಂಟುವ ಶಿಲೀಂಧ್ರದ ಬೀಜಕಣ ಬೇರೆ ಜಾತಿಯ ಎಲೆಯ ಮೇಲೆ ಬಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಆದರೆ ಅಡಿಕೆಗೆ ಎಲೆಚುಕ್ಕಿ ತರುವ ಕೊಲೆಟೊಟ್ರೈಕಮ್ ಗುಂಪಿನಲ್ಲಿ ಹತ್ತಾರು ಗಿಡಗಳ ಮೇಲೆ ಬದುಕುವ ಶಿಲೀಂಧ್ರಗಳೂ ಇವೆ. ಅವಕ್ಕೆ ಬೆರಕೆ ಕಾಡು ದೊಡ್ಡ ತಡೆಯಲ್ಲ. ನಿಮ್ಮ ಸೊಪ್ಪಿನಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡುಜಾಗದ, ಸ್ಥಿತಿ ತಿಳಿಯಬೇಕಾದರೆ ಎಣಿಸಲೇಬೇಕು.

ಹಂತ 1: ಮಳೆ ಬಿಟ್ಟ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ ಶುರು ಮಾಡಿ. ರಕ್ಷಿತಾರಣ್ಯ, ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಎಲೆ ಕೀಳಬೇಡಿ.

ಹಂತ 2: ಒಂದೇ ಜಾತಿಯ ಮರ ಆರಿಸಿ. ಮತ್ತಿಯೇ ಒಳ್ಳೆಯದು. ಬೇಸಗೆಯಲ್ಲಿ ಬೋಳಾಗಿ ಮತ್ತೆ ಚಿಗುರುವುದರಿಂದ ಎಲೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸು. ನೇರಳೆ, ಹಲಸಿನಲ್ಲಿ ಹಳೆಯ ಎಲೆ, ಹೊಸ ಎಲೆ ಬೆರೆತಿರುತ್ತವೆ. ಹಳೆಯದರಲ್ಲಿ ಚುಕ್ಕಿ ಹೆಚ್ಚಿರುವುದು ಸಹಜ. ಇಲ್ಲಿನ ಮತ್ತಿಯನ್ನು ಅಲ್ಲಿನ ಅಕೇಶಿಯಾಕ್ಕೆ ಹೋಲಿಸುವವರಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಹಂತ 3: ಬೆರಕೆ ಜಾಗದಲ್ಲಿ 10, ಮತ್ತಿಯೇ ತುಂಬಿದ ಜಾಗದಲ್ಲಿ 10 ಮರ ಗುರುತಿಸಿ. ಪ್ರತಿ ಮರದ ಸುತ್ತ 10 ಮೀಟರ್ ಹಗ್ಗ ಹಿಡಿದು ಸುತ್ತಿ. ಸುಮಾರು 3 ಗುಂಟೆ ಸಿಗುತ್ತದೆ. ಅದರೊಳಗೆ 30 ಸೆಂ.ಮೀ. ಮೀರಿದ ಸುತ್ತಳತೆಯ ಮರಗಳನ್ನೆಲ್ಲ ಎಣಿಸಿ. ಎಷ್ಟು ಜಾತಿ ಎಂಬುದರ ಜೊತೆಗೆ ಅವುಗಳಲ್ಲಿ ಮತ್ತಿಯ ಪಾಲೆಷ್ಟು ಎಂಬುದನ್ನೂ ಬರೆದುಕೊಳ್ಳಿ. 8 ಜಾತಿ ಇದ್ದರೂ 50 ಮರಗಳಲ್ಲಿ 40 ಮತ್ತಿಯೇ ಆದರೆ ಮತ್ತಿಯ ರೋಗಕ್ಕೆ ಅದು ಬೆರಕೆ ಕಾಡಲ್ಲ.

ಹಂತ 4: ದೋಟಿಗೆ ಕತ್ತಿ ಕಟ್ಟಿ, ಎಲ್ಲ ಮರಗಳಲ್ಲೂ ಒಂದೇ ಎತ್ತರದಿಂದ, ನಾಲ್ಕೂ ದಿಕ್ಕಿನ ರೆಂಬೆ ಇಳಿಸಿ. ನೆರಳಿನ ಕೆಳಗಿನ ಎಲೆ ಹೆಚ್ಚು ಹೊತ್ತು ಒದ್ದೆಯಿರುತ್ತದೆ, ಬೀಜಕಣ ಮೊಳೆಯಲು ಅದೇ ಸಾಕು. ಪ್ರತಿ ಚಿಗುರುಕಡ್ಡಿಯಲ್ಲೂ ತುದಿಯಿಂದ ಮೂರನೇ ಎಲೆಯನ್ನೇ ಕೀಳಿ. ಕಣ್ಣಿಗೆ ಆಯ್ಕೆ ಬಿಟ್ಟರೆ ಅದು ಚುಕ್ಕಿ ಇರುವ ಎಲೆಯನ್ನೇ ಹುಡುಕುತ್ತದೆ. ಮರಕ್ಕೆ 20 ಎಲೆ. ಹಳೆ ಪೇಪರಿನ ನಡುವೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಬರುತ್ತದೆ. ಕಟ್ಟಿನ ಮೇಲೆ ಸಂಖ್ಯೆ ಮಾತ್ರ ಬರೆಯಿರಿ, ಜಾಗದ ಹೆಸರು ಬೇಡ; ಎಣಿಸುವವರಿಗೆ ಅದು ಯಾವ ಜಾಗದ್ದೆಂದು ತಿಳಿಯಬಾರದು.

ಹಂತ 5: ಲೆಕ್ಕ ಕೆಡುವುದು ಇಲ್ಲೇ. ‘ಸುಮಾರು ಕಾಲು ಭಾಗ ರೋಗ’ ಎಂದು ಕಣ್ಣಳತೆಯಲ್ಲಿ ಬರೆದದ್ದು ಅಳೆದರೆ ಎಷ್ಟೋ ಕಡಿಮೆ ಬರುತ್ತದೆ. ಸಣ್ಣ ಚುಕ್ಕಿ ಹಲವಿದ್ದಷ್ಟೂ ಕಣ್ಣು ಹೆಚ್ಚಿಗೆ ಹೇಳುತ್ತದೆ. ಪಾರದರ್ಶಕ ಹಾಳೆಯ ಮೇಲೆ 5 ಮಿ.ಮೀ. ಚೌಕಗಳನ್ನು ಮುದ್ರಿಸಿಕೊಂಡು ಎಲೆಯ ಮೇಲಿಡಿ. ಗೆರೆ ಕೂಡುವ ಬಿಂದುಗಳು ಎಲೆಯ ಮೇಲೆ 300, ಚುಕ್ಕಿಯ ಮೇಲೆ 18 ಬಿದ್ದರೆ ರೋಗ ಶೇ 6. ಎಲ್ಲ ಕಟ್ಟುಗಳನ್ನೂ ಒಬ್ಬರೇ ಎಣಿಸಬೇಕು. ಚುಕ್ಕಿಯಿಲ್ಲದ ಎಲೆಯ ಸೊನ್ನೆಯನ್ನೂ ಸರಾಸರಿಗೆ ಸೇರಿಸಿ. ಬಹಳ ಜನ ಬಿಡುವುದು ಇದನ್ನೇ.

ಯಾವುದು ರೋಗವಲ್ಲ ಎಂಬುದೂ ಗೊತ್ತಿರಬೇಕು. ಮತ್ತಿ ಎಲೆಯ ಅಡಿಯಲ್ಲಿ, ನಡುನರದ ಬುಡದ ಬಳಿ ಇರುವ ಗುಬುಟು ಅದರ ಹುಟ್ಟುಗ್ರಂಥಿ. ಒದ್ದೆ ಹತ್ತಿಗೆ ಒರೆಸಿಬರುವ ಕಪ್ಪು ಮಸಿ, ಕೀಟ ಸುರಿಸಿದ ಸಿಹಿಯಂಟಿನ ಮೇಲೆ ಬೆಳೆದದ್ದು, ಎಲೆಯ ಒಳಗಿಳಿದಿರುವುದಿಲ್ಲ. ಕಿತ್ತಳೆ ಬಣ್ಣದ ಮಕಮಲ್ಲಿನಂಥ ಚುಕ್ಕಿ ಪಾಚಿಯ ಕೆಲಸ. ಇವನ್ನು ಬೇರೆ ಅಂಕಣದಲ್ಲಿ ಬರೆಯಿರಿ. 10 ಪಟ್ಟು ಹಿಗ್ಗಿಸುವ ಮಸೂರ ಧಾರಾಳ ಸಾಕು. 60 ಪಟ್ಟು ಎಂದು ಆನ್‌ಲೈನ್‌ನಲ್ಲಿ ಮಾರುವ ಅಗ್ಗದ ಮಸೂರಗಳಿಗೆ ದುಡ್ಡು ಹಾಕಬೇಡಿ. ಬೆಳೆರೋಗ ಗುರುತಿಸುವ ಮೊಬೈಲ್ ಆ್ಯಪ್‌ಗಳನ್ನು ಕಾಡುಮರಕ್ಕೆ ನಂಬಬೇಡಿ.

ಹಂತ 6: ಮರಕ್ಕೊಂದು ಸರಾಸರಿ ತೆಗೆದು, ಮತ್ತಿಯ ಪಾಲಿನ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಪಾಲು ಏರಿದಂತೆ ರೋಗವೂ ಏರಿದರೆ ಜಾತಿಗೆ ಕಟ್ಟುಬಿದ್ದ ಶಿಲೀಂಧ್ರದ ಮೇಲೆ ಅನುಮಾನ ಇಡಬಹುದು. ಖಚಿತಕ್ಕೆ ಪ್ರಯೋಗಾಲಯವೇ ಬೇಕು. ಬೆರಕೆ ಜಾಗದಲ್ಲಿ ಚುಕ್ಕಿಯ ಬಗೆ ಹೆಚ್ಚಿದ್ದು, ಎಲೆ ಕೆಟ್ಟಿರುವುದು ಕಡಿಮೆ ಎಂದು ಬಂದರೆ ಗಾಬರಿ ಬೇಡ. ಎರಡೂ ಒಟ್ಟಿಗೆ ಇರಬಹುದು. ಒಂದೇ ಜಾಗದ ಮರಮರಗಳ ನಡುವಿನ ಅಂತರವೇ ಎರಡು ಜಾಗಗಳ ಅಂತರಕ್ಕಿಂತ ದೊಡ್ಡದಾಗಿದ್ದರೆ ತೀರ್ಮಾನ ಬರೆಯದೆ ಮರಗಳ ಸಂಖ್ಯೆ ಹೆಚ್ಚಿಸಿ.