ವಿಕಿರಣವಿಲ್ಲದೆ ಸಿಪಿವೈ-ಸ್ಟಾರ್‌ನ ಬೆನ್ನು ಹತ್ತಿದ ನನ್ನ ಅನುಭವ

ಸಿಪಿವೈ-ಸ್ಟಾರ್ ಎಂದರೆ ಯೀಸ್ಟಿನ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಕಿಣ್ವದ, ಸರಿಯಾಗಿ ಮಡಿಕೆಯಾಗದ ಕಾರಣ ಕೋಶವೇ ಅಳಿಸಿಹಾಕುವ ರೂಪಾಂತರ. ವಿಕಿರಣಶೀಲ ಗಂಧಕ-35 ಬೆರೆತ ಮೆಥಿಯೋನಿನ್ ಎಂಬ ಅಮೈನೋ ಆಮ್ಲವಿಲ್ಲದೆ ಸಿಪಿವೈ-ಸ್ಟಾರ್‌ನ ಅರ್ಧಾಯುಷ್ಯವನ್ನು (ಅರ್ಧದಷ್ಟು ಅಳಿಯಲು ಹಿಡಿಯುವ ಕಾಲವನ್ನು) ನಂಬುವಂತೆ ಅಳೆಯಲಾಗದು ಎಂದು ನಮ್ಮ ವಿಭಾಗದ ಹಿರಿಯರು ಎರಡು ವರ್ಷ ಹೇಳುತ್ತಲೇ ಬಂದರು. ಪರವಾನಗಿ, ಪ್ರತ್ಯೇಕ ಕೋಣೆ, 87 ದಿನಕ್ಕೆ ಅರ್ಧಕ್ಕಿಳಿಯುವ ಸರಕು, ಇವ್ಯಾವುವೂ ಕಾಲೇಜಿನ ಪ್ರಯೋಗಾಲಯಕ್ಕೆ ಎಟುಕದ ಕಾರಣ ನಾನು ಹೊಸ ಪ್ರೋಟೀನಿನ ತಯಾರಿಕೆ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಹಾಕಿ, ಇದ್ದದ್ದು ಯೀಸ್ಟಿನಲ್ಲೇ ಅಳಿಯುವುದನ್ನು ಕಾಯುವ ದಾರಿ ಹಿಡಿದೆ.

ಮೊದಲ ನಾಲ್ಕು ತಿಂಗಳು ವ್ಯರ್ಥವಾದವು. ಪ್ರತಿಕಾಯದಿಂದ ಪ್ರೋಟೀನನ್ನು ಗುರುತಿಸುವ ಬ್ಲಾಟಿನಲ್ಲಿ, ತೆಳುವಾಗಬೇಕಿದ್ದ ಮೂವತ್ತನೇ ನಿಮಿಷದ ಪಟ್ಟಿ ಸೊನ್ನೆ ನಿಮಿಷದ್ದಕ್ಕಿಂತ ದಪ್ಪಗೆ ಬರುತ್ತಿತ್ತು. ಗಾಜಿನ ಮಣಿಗಳಿಂದ ಕೋಶಗಳನ್ನು ಒಡೆಯುವಾಗ ಪ್ರತಿ ನಳಿಕೆಯಲ್ಲೂ ಬೇರೆ ಬೇರೆ ಪ್ರಮಾಣ ಒಡೆಯುತ್ತಿತ್ತಲ್ಲದೆ, ರಸದಾನಿಯ (ಕೋಶದೊಳಗಿನ ಜೀರ್ಣಚೀಲ, ವ್ಯಾಕ್ಯುಯೋಲ್) ಪ್ರೋಟೀನು ಕತ್ತರಿಸುವ ಕಿಣ್ವಗಳೂ ಹೊರಬಂದು ಕೈಯಾಡಿಸುತ್ತಿದ್ದವು. ಕೋಶದ ಚಟುವಟಿಕೆ ನಿಲ್ಲಿಸುವ ಸೋಡಿಯಂ ಅಜೈಡ್ ಇರುವ ಮಂಜುಗಡ್ಡೆಯ ನಳಿಕೆಗೆ ನೇರವಾಗಿ ಮಾದರಿ ಸುರಿದು, ಕ್ಷಾರದಲ್ಲಿ ಕೋಶ ಒಡೆದು, ಟಿಸಿಎ (ಟ್ರೈಕ್ಲೋರೋಅಸೆಟಿಕ್ ಆಮ್ಲ) ಹಾಕಿ ಪ್ರೋಟೀನಿನ ಗರಣೆ ಕಟ್ಟಿಸಲಾರಂಭಿಸಿದ ಮೇಲೆ ಆ ಕಾಟ ನಿಂತಿತು. ಕ್ಷಾರದ ಪ್ರಮಾಣ ಮತ್ತು ಕಾಲಾವಧಿ ನನ್ನ ನೋಟುಪುಸ್ತಕದಲ್ಲೇ ಇರಲಿ.

ಹಣ ಹೋದದ್ದು, ಪ್ರೋಟೀನು ಅಳಿಸುವ ಪ್ರೋಟಿಯಾಸೋಮ್ ಎಂಬ ಕೋಶಯಂತ್ರವನ್ನು ತಡೆಯುವ ಎಂಜಿ-132ರಲ್ಲಿ. ಸುಮಾರು ಹದಿನೆಂಟು ಸಾವಿರ ಕೊಟ್ಟು ತರಿಸಿ ಸಾಧಾರಣ ತಳಿಗೆ ಹಾಕಿದರೆ ಏನೂ ಆಗಲಿಲ್ಲ. ಯೀಸ್ಟಿನ ಕೋಶಪೊರೆಯಲ್ಲಿರುವ ಪಿಡಿಆರ್5 ಪಂಪು ಔಷಧಿಯನ್ನು ಹೊರದಬ್ಬುತ್ತದೆಂಬ, ಎಲ್ಲರಿಗೂ ತಿಳಿದ ಮಾತನ್ನು ನಾನು ಮರೆತಿದ್ದೆ. ಆ ಜೀನನ್ನು ಅಳಿಸಿದ ತಳಿ ಸಿಕ್ಕಮೇಲೆ, ಉಳಿದಿದ್ದ ಕೊನೆಯ ಹನಿಗಳಲ್ಲೇ ಪಟ್ಟಿ ಕರಗದೆ ನಿಂತಿತು.

ಈಗ ನನ್ನ ಲೆಕ್ಕ ಹೀಗಿದೆ: ಸಾಧಾರಣ ತಳಿಯಲ್ಲಿ ಅರ್ಧಾಯುಷ್ಯ ಹೆಚ್ಚುಕಡಿಮೆ ಅರ್ಧ ಗಂಟೆ, ಎಚ್‌ಆರ್‌ಡಿ1 (ಅಳಿಸಬೇಕಾದ ಪ್ರೋಟೀನಿಗೆ ಗುರುತು ಹಚ್ಚುವ ಕಿಣ್ವ) ಇಲ್ಲದಲ್ಲಿ ತೊಂಬತ್ತು ನಿಮಿಷಕ್ಕೂ ಮುಕ್ಕಾಲು ಪಾಲು ಹಾಗೆಯೇ ಉಳಿದಿರುತ್ತದೆ. 255ನೇ ಗ್ಲೈಸಿನ್ ಆರ್ಜಿನಿನ್ ಆಗಿರುವ ಈ ಪ್ರೋಟೀನು 67 ಕಿಲೋಡಾಲ್ಟನ್ನಿನ ಪಿ1 ಎಂಬ ಆರಂಭಿಕ ರೂಪದಲ್ಲಷ್ಟೇ ಕಾಣಿಸುತ್ತದೆ, ರಸದಾನಿ ತಲುಪಿದಾಗ ಆಗುವ 61ರ ಪ್ರೌಢ ರೂಪ ಒಮ್ಮೆಯೂ ಬರದು. ಅಂದರೆ ನಾನು ನೋಡುತ್ತಿರುವುದು ಪ್ರೋಟೀನುಗಳು ಮಡಿಕೆಯಾಗುವ ಅಂತಃಕೋಶ ಜಾಲದಲ್ಲಿ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ತಡೆಹಿಡಿದದ್ದನ್ನೇ ಹೊರತು ರಸದಾನಿಯ ಜೀರ್ಣವನ್ನಲ್ಲ. ಸಂಶಯ ಪಟ್ಟವರಿಗೆ ಈ ಪಟ್ಟಿಯನ್ನೇ ತೋರಿಸಿದೆ.

ನಡುವೆ ದಾರಿ ತಪ್ಪಿ, ಈ ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿಗಳ ಬೆನ್ನು ಹತ್ತಿದ್ದೂ ಉಂಟು. ನಾಲ್ಕರಲ್ಲಿ ಪ್ರೋಟೀನಿನ ಸಿ-ತುದಿಯ (ಕೊನೆಯ ತುದಿಯ) ಸಮೀಪದ ಕೊನೆಯದೊಂದನ್ನು ತೆಗೆದಾಗ ಪ್ರೋಟೀನು ಅಳಿಯದೆ ಉಳಿಯಿತು. ಅದೊಂದನ್ನೇ ಉಳಿಸಿ ಮಿಕ್ಕ ಮೂರನ್ನು ತೆಗೆದರೂ ಅಳಿವು ನಡೆದೇ ಇತ್ತು. ಇದು ಹೊಸ ಸಂಗತಿಯಲ್ಲವಾದರೂ, ನಲವತ್ತು ಸಾವಿರದ ಒಂದೇ ಪ್ರತಿಕಾಯದ ಸೀಸೆಯಲ್ಲಿ, ಅದೇ ದ್ರಾವಣವನ್ನು ಐದಾರು ಬಾರಿ ಮರುಬಳಸಿ ಪಡೆದ ಫಲವಿದು. ಸೀಸೆಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಎಚ್‌ಟಿಎಂ1 (ಆ ಸರಪಳಿಯನ್ನು ಕತ್ತರಿಸಿ ಅಳಿವಿನ ಗುರುತು ಮಾಡುವ ಕಿಣ್ವ) ಅಳಿಸಿದ ತಳಿಗೆಂದು ಕಾಯ್ದಿರಿಸಿದ್ದೇನೆ.