ರಜೆಯಲ್ಲೇ ಬರೆದ ಮರಿ ಪ್ರಬಂಧ

ಅಂತಿಮ ವರ್ಷದ ಸಂಶೋಧನಾ ಪ್ರಬಂಧವನ್ನು ಗಡುವಿಗೆ ಎರಡು ವಾರ ಮೊದಲೇ ಸಲ್ಲಿಸಿದೆ. ‘ಬೇಸಿಗೆ ರಜೆ ಓದುವುದಕ್ಕೆ, ಬರೆಯುವುದೆಲ್ಲ ಆಮೇಲೆ’ ಎಂದು ಬುದ್ಧಿ ಹೇಳಿದವರೇ ಈಗ ನನ್ನ ಸ್ಪ್ರೆಡ್‌ಶೀಟ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ವಿವರಿಸುವ ಬದಲು ಒಮ್ಮೆಗೇ ಬರೆದುಬಿಡುತ್ತೇನೆ.

ನಾನು ಮಾಡಿದ್ದು ಇಷ್ಟೇ: ಇಡೀ ಸಂಶೋಧನೆಯನ್ನು ಸುಮಾರು ಹತ್ತನೇ ಒಂದು ಪಾಲಿನ ಗಾತ್ರದಲ್ಲಿ ರಜೆಯಲ್ಲೇ ಒಂದು ಸುತ್ತು ಮುಗಿಸಿದೆ. ಪ್ರಶ್ನೆ, ಮಾಹಿತಿ, ವಿಶ್ಲೇಷಣೆ, ತೀರ್ಮಾನ, ಎಲ್ಲ ಸೇರಿ ಮೂರು ಸಾವಿರ ಪದಗಳ ಆಸುಪಾಸು. ಹಿರಿಯ ವಿದ್ಯಾರ್ಥಿಯೊಬ್ಬರು ‘ಇದು ಬುನಾದಿಯಿಲ್ಲದ ಮನೆ’ ಎಂದರು. ಬುನಾದಿಯನ್ನು ಎಲ್ಲಿ ತೋಡಬೇಕೆಂದು ತಿಳಿಯುವುದಕ್ಕೇ ಕಟ್ಟುತ್ತಿದ್ದೇನೆ ಎಂದೆ. ಅವರಿಗೆ ಸಿಟ್ಟು ಬಂತು.

ಅದಕ್ಕೂ ಮೊದಲು ಎಲ್ಲರ ದಾರಿಯಲ್ಲೇ ಹೋಗಿ ಒಂದಷ್ಟು ವಾರ ಕಳೆದಿದ್ದೆ. ಇನ್ನೂರಕ್ಕೂ ಹೆಚ್ಚು ಲೇಖನಗಳನ್ನು ಇಳಿಸಿಕೊಂಡು ಜೊಟೆರೊ ಎಂಬ ಆಕರ ಜೋಡಿಸಿಡುವ ತಂತ್ರಾಂಶಕ್ಕೆ ತುಂಬಿದೆ. ಓದಿದ್ದು ಮೂವತ್ತೋ ಏನೋ. ಜೊಟೆರೊದ 300 ಎಂಬಿ ಉಚಿತ ಆನ್‌ಲೈನ್ ಜಾಗ ತುಂಬಿತೆಂದು ದುಡ್ಡು ಕೊಟ್ಟು ಹೆಚ್ಚಿನ ಜಾಗ ಪಡೆದೆ. ಪಿಡಿಎಫ್‌ಗಳನ್ನು ನಮ್ಮದೇ ಫೋಲ್ಡರಿನಲ್ಲಿಟ್ಟು ಕೊಂಡಿ ಮಾತ್ರ ಕೊಟ್ಟರೆ ಆ ಖರ್ಚೇ ಬೇಕಿಲ್ಲ. ಇನ್ನು ಬಿಡಿ ಲೇಖನಗಳ ಬೆಲೆ! ಒಂದೊಂದಕ್ಕೂ ಒಂದು ಪುಸ್ತಕದಷ್ಟು. ಎರಡು ಕೊಳ್ಳುವಷ್ಟರಲ್ಲಿ ಅರೆಕಾಲಿಕ ಕೆಲಸದ ಒಂದು ವಾರದ ಸಂಬಳ ಹೋಯಿತು. ಆಮೇಲೆ ಒಂದು ಕಾಸೂ ಕೊಡಲಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ಎಲ್ಲ ಆವೃತ್ತಿಗಳ ಕೊಂಡಿ ಒತ್ತಿದರೆ ಎಷ್ಟೋ ಸಲ ಲೇಖಕರೇ ಹಾಕಿದ ಪ್ರತಿ ಸಿಗುತ್ತದೆ. ಸಿಗದಿದ್ದರೆ ಲೇಖಕರಿಗೆ ನಾಲ್ಕು ಸಾಲಿನ ಇಮೇಲ್. ಹತ್ತರಲ್ಲಿ ಏಳು ಮಂದಿ ವಾರದೊಳಗೆ ಕಳಿಸಿದರು.

ನನ್ನ ವಿಷಯ ಕುಡಿಯುವ ನೀರಿನ ಬಗ್ಗೆ ಬಂದ ಪತ್ರಿಕಾ ವರದಿಗಳು. ನಲವತ್ತು ವರದಿಗಳನ್ನು ಆರಿಸಿ, ಪ್ರತಿ ವಾಕ್ಯವನ್ನೂ ಒಂದೊಂದು ವರ್ಗಕ್ಕೆ ಸೇರಿಸಿದೆ. ನಾನೊಬ್ಬನೇ ಮಾಡುವಾಗ ಎಲ್ಲವೂ ಸಲೀಸಾಗಿತ್ತು. ಗೆಳೆಯನಿಗೆ ಅರ್ಧದಷ್ಟನ್ನು ಕೊಟ್ಟು ಹೋಲಿಸಿದಾಗ ಇಬ್ಬರ ವರ್ಗೀಕರಣ ಎಷ್ಟು ಹೊಂದುತ್ತದೆಂದು ಹೇಳುವ ಕೊಹೆನ್ ಕಪ್ಪಾ (ಪೂರ್ತಿ ಹೊಂದಿದರೆ 1) 0.4ರ ಸುತ್ತ ನಿಂತಿತು. ಕಾಕತಾಳೀಯ ಹೊಂದಿಕೆಯನ್ನೂ ಲೆಕ್ಕ ಹಿಡಿಯುವ ಅಳತೆಯದು, ಪುಸಲಾಯಿಸಲು ಆಗುವುದಿಲ್ಲ. ‘ಅಧಿಕಾರಿಗಳು ಸ್ಥಳಕ್ಕೆ ಬಂದಿಲ್ಲ ಎಂದು ನಿವಾಸಿಗಳು ದೂರಿದರು’ ಎಂಬ ವಾಕ್ಯ ನನಗೆ ‘ಟೀಕೆ’, ಅವನಿಗೆ ‘ಹೊಣೆ’. ಒಂದು ಸಂಜೆಯಿಡೀ ಜಗಳವಾಡಿ ನಿಯಮ ಬರೆದೆವು: ಯಾರು ಏನು ಮಾಡಬೇಕಿತ್ತು ಎಂಬುದು ವಾಕ್ಯದಲ್ಲೇ ಇದ್ದರೆ ಮಾತ್ರ ‘ಹೊಣೆ’, ಬರೀ ಅಸಮಾಧಾನವಿದ್ದರೆ ‘ಟೀಕೆ’. ಹದಿನಾಲ್ಕು ವರ್ಗಗಳು ಆರಕ್ಕಿಳಿದವು. ಹೊಸ ವರದಿಗಳ ಮೇಲೆ ಮತ್ತೆ ಅಳೆದಾಗ 0.75ರ ಹತ್ತಿರ ಬಂತು. ಇದೇ ಪಾಡು ಸೆಮಿಸ್ಟರ್ ನಡುವೆ, ನಾನೂರು ವರದಿಗಳ ಮೇಲೆ ಬಂದಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಓದಬೇಕಾದ ಲೇಖನಗಳು ಯಾವುವೆಂದು ಗೊತ್ತಾಗಿದ್ದೂ ಆಗಲೇ. ಇನ್ನೂರರಲ್ಲಿ ಮುಕ್ಕಾಲು ಪಾಲು ಬೇಡವಾದವು.

ನಡುವೆ ಬೇರೆ ಚೇಷ್ಟೆಗಳೂ ನಡೆದವು. ಲೇಖನದ ಸಾರವನ್ನು ಮೊಬೈಲಿಗೆ ಬಾಯಲ್ಲೇ ಹೇಳಿ ಪಠ್ಯವಾಗಿಸಲು ನೋಡಿದೆ. ತಿದ್ದುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮುಂದಿನ ಸೆಮಿಸ್ಟರಿನ ಸಂಖ್ಯಾಶಾಸ್ತ್ರವನ್ನು ಆಂಕಿ (Anki) ಎಂಬ ಆ್ಯಪ್‌ನ ಫ್ಲಾಶ್‌ಕಾರ್ಡುಗಳಲ್ಲಿ ದಿನಕ್ಕೆ ಕಾಲು ಗಂಟೆ ಓದಿದ್ದು ಮಾತ್ರ ಫಲ ಕೊಟ್ಟಿತು.

ಮೊದಲ ಭೇಟಿಗೆ ಗೈಡ್ ಮುಂದೆ ಮರಿ ಪ್ರಬಂಧವನ್ನೇ ಇಟ್ಟೆ. ಉಳಿದವರು ವಿಷಯ ಆರಿಸುವ ಚರ್ಚೆಯಲ್ಲಿದ್ದಾಗ ನಾವು ಮಾದರಿಯ ಗಾತ್ರದ ಬಗ್ಗೆ ವಾದಿಸುತ್ತಿದ್ದೆವು. ಅದರ ಜೊತೆಗಿಟ್ಟಿದ್ದ ಒಂದು ಪುಟದ ಪ್ರಶ್ನೆಪಟ್ಟಿಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಕೇಳಬೇಡಿ.

ಸಂದರ್ಶನ, ಸಮೀಕ್ಷೆ ಮಾಡುವವರು ಇದನ್ನು ಕಣ್ಣು ಮುಚ್ಚಿ ಅನುಸರಿಸುವಂತಿಲ್ಲ. ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಒಪ್ಪಿಗೆಗೆ ಮೊದಲು ಸಂಗ್ರಹಿಸಿದ ಉತ್ತರಗಳನ್ನು ಸಾಮಾನ್ಯವಾಗಿ ಪ್ರಬಂಧದಲ್ಲಿ ಬಳಸಲು ಬಿಡುವುದಿಲ್ಲ. ನನ್ನದು ಪ್ರಕಟವಾದ ವರದಿಗಳಾದ್ದರಿಂದ ಆ ತಾಪತ್ರಯ ಇರಲಿಲ್ಲ. ನೀವು ಪ್ರಶ್ನೆಗಳನ್ನು ಒಬ್ಬಿಬ್ಬರು ಗೆಳೆಯರ ಮೇಲೆ ಪರೀಕ್ಷಿಸಿ, ಉತ್ತರಗಳನ್ನು ಬಿಸಾಡಿ, ಸಮಿತಿಗೆ ಕೊಡುವ ಅರ್ಜಿಯನ್ನು ರಜೆ ಮುಗಿಯುವ ಮೊದಲೇ ಸಿದ್ಧ ಮಾಡಿಕೊಳ್ಳಿ.